ತವರು ಮೈದಾನದ ತೂಕ ಎಷ್ಟು?

ಆಟದಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಐರ್ಲೆಂಡಿನ ಗೇಲಿಕ್ ಫುಟ್ಬಾಲ್ ಕುರಿತು ಹುಬ್ಬಳ್ಳಿ, ಗದಗ, ರಾಣೆಬೆನ್ನೂರು ಮತ್ತು ಧಾರವಾಡದಿಂದ ಬಂದ ನಾಲ್ಕು ಪತ್ರಗಳು ಒಂದೇ ವಿಷಯದ ಸುತ್ತ ಇರುವುದರಿಂದ ಈ ಸಂಚಿಕೆಯಲ್ಲಿ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಐರ್ಲೆಂಡಿನ ಮೇಯೊ ಕೌಂಟಿಯ ಕ್ಯಾಸಲ್‌ಬಾರ್ ಪಟ್ಟಣದಲ್ಲಿ ನರ್ಸ್ ಆಗಿದ್ದಾಳೆ. ಜೊತೆಯವರೊಂದಿಗೆ ಅಲ್ಲಿಯ ಮೆಕ್‌ಹೇಲ್ ಪಾರ್ಕಿಗೆ ಹೋಗಿ ಗೇಲಿಕ್ ಫುಟ್ಬಾಲ್ ನೋಡುವುದು ಅವಳಿಗೆ ರೂಢಿಯಾಗಿದೆ. ಚಾಂಪಿಯನ್‌ಶಿಪ್ ಪಂದ್ಯ ತವರಿಗೆ ಬಿದ್ದರೆ ಅರ್ಧ ಗೆದ್ದಂತೆ ಎಂದು ಅಲ್ಲಿಯ ಹಿರಿಯರು ಹೇಳುತ್ತಾರಂತೆ. ಮೇಯೊ ತಂಡ ಮನೆಯಲ್ಲಿ ಸೋತು ಹೊರಗೆ ಗೆಲ್ಲುತ್ತದೆ ಎಂಬುದು ಮಗಳ ಅನುಭವ. ಯಾವುದು ನಿಜ?
(ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಹಿರಿಯರು ಹೇಳಿದ ‘ಅರ್ಧ’ ಎಂಬ ಅಳತೆ ಮಾತ್ರ ಹೆಚ್ಚಾಯಿತು.

ಈ ಆಟವನ್ನು ನೋಡದ ಓದುಗರಿಗಾಗಿ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ತಂಡಕ್ಕೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡಬಹುದು. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹಾಕಿದರೆ 3 ಅಂಕ, ಅದರ ಮೇಲಿನಿಂದ ಎರಡು ಕಂಬಗಳ ನಡುವೆ ಹಾಯಿಸಿದರೆ 1 ಅಂಕ. 2025ರಿಂದ, ಗೋಲಿನಿಂದ 40 ಮೀಟರ್ ದೂರದಲ್ಲಿ ಎಳೆದ ಕಮಾನುಗೆರೆಯ ಆಚೆಯಿಂದ ಒದ್ದು ಹಾಯಿಸಿದರೆ 2 ಅಂಕ. ಕೌಂಟಿ ತಂಡಗಳ ಪಂದ್ಯ 70 ನಿಮಿಷದ್ದು. ಆಟಗಾರರು ಯಾರೂ ಸಂಬಳಕ್ಕೆ ಆಡುವವರಲ್ಲ. ವಾರವಿಡೀ ಶಾಲೆ, ಬ್ಯಾಂಕು, ಹೊಲಗಳಲ್ಲಿ ದುಡಿದು ತಮ್ಮ ಊರಿನ ಹೆಸರಿಗಾಗಿ ಮೈದಾನಕ್ಕೆ ಇಳಿಯುವವರು. ಆದ್ದರಿಂದ ಅಲ್ಲಿ ‘ತವರು’ ಎಂಬ ಮಾತಿಗೆ, ಹಣ ಕೊಟ್ಟು ಆಟಗಾರರನ್ನು ಕೊಳ್ಳುವ ಲೀಗುಗಳಲ್ಲಿ ಇಲ್ಲದ ಒಂದು ಗಟ್ಟಿ ಅರ್ಥವಿದೆ. ಜಾತ್ರೆಯ ಕುಸ್ತಿಯಲ್ಲಿ ಊರ ಪೈಲ್ವಾನ ಕಣಕ್ಕೆ ಇಳಿದೊಡನೆ ಹಲಗೆಯ ಸದ್ದೇ ಬದಲಾಗುವುದನ್ನು ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಈಗ ನಿಮ್ಮ ಮಗಳು ಕಂಡದ್ದನ್ನು ಪರಿಶೀಲಿಸೋಣ. 2023ರ ಏಪ್ರಿಲ್‌ನಲ್ಲಿ ಮೇಯೊ ತಂಡ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಗೆದ್ದು, ಒಂದೇ ವಾರದಲ್ಲಿ ತನ್ನ ಮೆಕ್‌ಹೇಲ್ ಪಾರ್ಕಿನಲ್ಲಿ ನೆರೆಯ ರೋಸ್‌ಕಾಮನ್‌ಗೆ ಸೋತಿತು. ಅದೇ ತಂಡ ಮೇ ತಿಂಗಳಲ್ಲಿ ಹಿಂದಿನ ವರ್ಷದ ಚಾಂಪಿಯನ್ ಕೆರಿ ತಂಡವನ್ನು ಕಿಲಾರ್ನಿಯ ಫಿಟ್ಜ್‌ಜೆರಾಲ್ಡ್ ಸ್ಟೇಡಿಯಂನಲ್ಲಿಯೇ 5 ಅಂಕಗಳಿಂದ ಮಣಿಸಿತು. 1995ರ ನಂತರ ಕೆರಿ ತಂಡ ಆ ಮೈದಾನದಲ್ಲಿ ಚಾಂಪಿಯನ್‌ಶಿಪ್ ಪಂದ್ಯ ಸೋತದ್ದು ಅದೇ ಮೊದಲು. ಮುಂದೆ ಮೇಯೊ ಗಾಲ್ವೇ ತಂಡವನ್ನು ಅದರ ಸಾಲ್ಟ್‌ಹಿಲ್ ಮೈದಾನದಲ್ಲಿಯೂ ಸೋಲಿಸಿತು. 2025ರಲ್ಲಿ ಮತ್ತೆ ಅದೇ ಕಥೆ: ಮೇ ತಿಂಗಳಲ್ಲಿ ಕ್ಯಾಸಲ್‌ಬಾರಿನಲ್ಲಿ ಕ್ಯಾವನ್ ತಂಡಕ್ಕೆ ಸೋಲು, ಅದರ ಬೆನ್ನಿಗೇ ಟೈರೋನ್ ವಿರುದ್ಧ ಅವರ ಓಮಾ ಪಟ್ಟಣದಲ್ಲಿ ಸ್ಪಷ್ಟ ಗೆಲುವು. ಹೀಗಿರುವಾಗ ಮಗಳು ತಪ್ಪು ಕಂಡಳೆಂದು ಹೇಗೆ ಹೇಳಲಿ?

ಆದರೆ ಇದರಿಂದ ತವರಿನ ಲಾಭವೇ ಇಲ್ಲವೆಂಬ ತೀರ್ಮಾನಕ್ಕೆ ಬರಬಾರದು. ಕೆರಿ ತಂಡ ತನ್ನ ಅಂಗಳದಲ್ಲಿ 28 ವರ್ಷ ಸೋಲದೆ ಉಳಿದದ್ದಕ್ಕೆ ಅದರ ಆಟಗಾರರ ಗುಣಮಟ್ಟ ಮುಖ್ಯ ಕಾರಣವಾದರೂ, ಬೆಟ್ಟಗಳ ಮಡಿಲಿನ ಆ ಮೈದಾನಕ್ಕೆ ಬರುವ ಎದುರಾಳಿಯ ಮನಸ್ಸಿನಲ್ಲಿ ಏಳುತ್ತಿದ್ದ ಅಳುಕೂ ಒಂದು ಕಾರಣವೇ. ಮೇಯೊ ಜನರ ಪಾಡು ಬೇರೆ. 1951ರ ನಂತರ ಅವರಿಗೆ ಅಖಿಲ ಐರ್ಲೆಂಡ್ ಪ್ರಶಸ್ತಿ, ಅಂದರೆ ಈ ಚಾಂಪಿಯನ್‌ಶಿಪ್‌ನ ಕಿರೀಟ, ದಕ್ಕಿಲ್ಲ. 2016 ಮತ್ತು 2017ರ ಫೈನಲ್‌ಗಳನ್ನು, ಮೊದಲನೆಯದನ್ನು ಮರುಪಂದ್ಯದ ಬಳಿಕ, ಒಂದೊಂದೇ ಅಂಕದಿಂದ ಡಬ್ಲಿನ್‌ಗೆ ಕಳೆದುಕೊಂಡರು. ಇಷ್ಟು ದೀರ್ಘವಾದ ನಿರೀಕ್ಷೆಯನ್ನು ಹೊತ್ತ ಸುಮಾರು 25 ಸಾವಿರ ಜನ ಹಿಡಿಸುವ ಮೈದಾನದಲ್ಲಿ, ಆರಂಭದ ಎರಡು ಹೊಡೆತ ತಪ್ಪಿದೊಡನೆ ಹಬ್ಬುವ ನಿಟ್ಟುಸಿರು ತನ್ನ ಹುಡುಗರ ಕಾಲನ್ನೇ ಭಾರ ಮಾಡುತ್ತದೆ ಎಂದು ನಾನು ನಂಬುತ್ತೇನೆ. ತವರಿನ ಜನಸಂದಣಿ ಎತ್ತಿ ಹಿಡಿಯಬಲ್ಲದು, ಹಾಗೆಯೇ ಒತ್ತಿ ಹಿಡಿಯಲೂ ಬಲ್ಲದು. ಯಾವುದಾಗುತ್ತದೆ ಎಂಬುದು ಮೊದಲ ಕಾಲು ಗಂಟೆಯ ಆಟದಲ್ಲಿ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಹಾಗಾದರೆ ಒಂದು ತಂಡದ ಅವಕಾಶವನ್ನು ಹೇಗೆ ಅಳೆಯಬೇಕು? ಮೈದಾನದ ಹೆಸರಿಗಿಂತ ಮೊದಲು ಕಿಕ್‌ಔಟ್ ನೋಡಿ, ಅಂದರೆ ಪ್ರತಿ ಅಂಕದ ನಂತರ ಅಥವಾ ಚೆಂಡು ಹೊರಹೋದ ನಂತರ ಗೋಲ್‌ಕೀಪರ್ ಒದೆಯುವ ಚೆಂಡು ಯಾರ ಕೈ ಸೇರುತ್ತದೆ ಎಂಬುದನ್ನು. ಹಿಂದೆ ಗೋಲ್‌ಕೀಪರ್ ಪಕ್ಕದಲ್ಲಿದ್ದ ರಕ್ಷಕನಿಗೆ ಮೆಲ್ಲಗೆ ತಳ್ಳಿ ಚೆಂಡನ್ನು ಉಳಿಸಿಕೊಳ್ಳುತ್ತಿದ್ದ. 2025ರ ನಿಯಮದ ಪ್ರಕಾರ ಅದು 40 ಮೀಟರ್ ಕಮಾನನ್ನು ದಾಟಲೇಬೇಕು, ಆದ್ದರಿಂದ ಗಾಳಿಯಲ್ಲಿ ಜಿಗಿದು ಹಿಡಿಯುವ ಎತ್ತರದ ಆಟಗಾರರ ಬೆಲೆ ಒಮ್ಮೆಲೇ ಏರಿತು. ಇದರ ನಂತರ, ಕಮಾನಿನ ಆಚೆಯಿಂದ ಎರಡು ಅಂಕ ತರಬಲ್ಲವರು ಎಷ್ಟು ಜನ ಇದ್ದಾರೆ ಎಂಬುದನ್ನೂ, ಕೊನೆಯ 20 ನಿಮಿಷಕ್ಕೆ ಬೆಂಚಿನಿಂದ ಇಳಿಸಬಲ್ಲ ಐವರು ಬದಲಿ ಆಟಗಾರರ ಬಲ ಎಷ್ಟು ಎಂಬುದನ್ನೂ ನೋಡಿ. ಇವುಗಳಲ್ಲಿ ಎರಡೂ ತಂಡಗಳು ಸರಿಸಮ ಎನಿಸಿದರೆ ಮಾತ್ರ ತವರನ್ನು ತಕ್ಕಡಿಗೆ ಹಾಕಿ.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕ. ತವರಿನ ಲಾಭ ಎಂಬುದು ನಿಖರವಾಗಿ ಎಲ್ಲಿಂದ ಬರುತ್ತದೆ? ಪ್ರಯಾಣದಿಂದಲೋ, ನೆಲದ ಪರಿಚಯದಿಂದಲೋ, ಅಥವಾ ರೆಫರಿಯ ಮೇಲೆ ಬೀಳುವ ಒತ್ತಡದಿಂದಲೋ?
(ಓದುಗರೊಬ್ಬರು, ಬೆಟಗೇರಿ, ಗದಗ)

ಉತ್ತರ: ಪ್ರಯಾಣದ ಪಾಲು ಚಿಕ್ಕದು. ಇಡೀ ಐರ್ಲೆಂಡ್ ದ್ವೀಪದ ಉದ್ದ ಸುಮಾರು 480 ಕಿಲೋಮೀಟರ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವಷ್ಟು ದೂರವನ್ನು ಅಲ್ಲಿಯ ತಂಡಗಳು ಪಂದ್ಯಕ್ಕಾಗಿ ಕ್ರಮಿಸುವುದು ಅಪರೂಪ. ಇದಕ್ಕೆ ದೊಡ್ಡ ಅಪವಾದ ನ್ಯೂಯಾರ್ಕ್. ವಲಸೆ ಹೋದ ಐರಿಷ್ ಜನರ ಆ ತಂಡ ಕನಾಟ್ ಪ್ರಾಂತ್ಯದ ಚಾಂಪಿಯನ್‌ಶಿಪ್‌ನಲ್ಲಿ 1999ರಿಂದ ಆಡುತ್ತಿದೆ, ಎದುರಾಳಿಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರಾಂಕ್ಸ್‌ನ ಗೇಲಿಕ್ ಪಾರ್ಕಿಗೆ ಬರುತ್ತಾರೆ. ಆದರೂ ನ್ಯೂಯಾರ್ಕ್‌ಗೆ ಮೊದಲ ಗೆಲುವು ಸಿಕ್ಕಿದ್ದು 2023ರಲ್ಲಿ, ಲೀಟ್ರಿಮ್ ವಿರುದ್ಧ, ಅದೂ ಪೆನಾಲ್ಟಿಗಳಲ್ಲಿ. ಸಾಗರದಷ್ಟು ದೂರಕ್ಕೂ ಆಟದ ಗುಣಮಟ್ಟದ ಅಂತರವನ್ನು ತುಂಬಿಕೊಡಲು ಅಷ್ಟು ವರ್ಷ ಸಾಧ್ಯವಾಗಲಿಲ್ಲ.

ನೆಲ ಮತ್ತು ಗಾಳಿಯ ಪರಿಚಯವೇ ಹೆಚ್ಚು ತೂಕದ್ದು ಎಂಬುದು ನನ್ನ ಅಭಿಪ್ರಾಯ. ನಿಯಮದ ಪ್ರಕಾರ ಮೈದಾನದ ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90 ಮೀಟರ್ ಇರಬಹುದು. ಹದಿನೈದು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಈ ವ್ಯತ್ಯಾಸ ಒಬ್ಬ ರಕ್ಷಕ ಎಷ್ಟು ನೆಲವನ್ನು ಕಾಯಬೇಕು ಎಂಬುದನ್ನೇ ಬದಲಿಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಮಣ್ಣಿನ ಕಬಡ್ಡಿ ಅಂಕಣದಲ್ಲಿ ಹೆಜ್ಜೆ ಎಲ್ಲಿ ಜಾರುತ್ತದೆ, ಎಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದು ಊರ ಹುಡುಗರಿಗೆ ಪಾದದಿಂದಲೇ ತಿಳಿಯುವುದನ್ನು ನೀವು ಶಾಲಾ ಪಂದ್ಯಗಳಲ್ಲಿ ಖಂಡಿತ ಕಂಡಿರುತ್ತೀರಿ. ಇದೂ ಅಂಥದ್ದೇ ತಿಳಿವಳಿಕೆ.

ಇನ್ನು ಗಾಳಿ. ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ದಿನವೂ ನೋಡುವ ಗದಗಿನವರಿಗೆ ಗಾಳಿಯ ಬಲವನ್ನು ನಾನು ಹೇಳಿಕೊಡಬೇಕಾಗಿಲ್ಲ. ಗಾಲ್ವೇ ಕೊಲ್ಲಿಯ ದಡದಲ್ಲಿರುವ ಸಾಲ್ಟ್‌ಹಿಲ್ ಮೈದಾನಕ್ಕೆ ಕಡಲ ಗಾಳಿ ನೇರವಾಗಿ ನುಗ್ಗುತ್ತದೆ. ಅರ್ಧ ಸಮಯದ ನಂತರ ತಂಡಗಳು ಬದಿ ಬದಲಿಸುವುದರಿಂದ ಗಾಳಿ ಇಬ್ಬರಿಗೂ ಸಮವಾಗಿ ಹಂಚಿಕೆಯಾಗುತ್ತದೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ಹಂಚಿಕೆ ಸಮವಾದರೂ ಬಳಕೆ ಸಮವಾಗುವುದಿಲ್ಲ. ಟಾಸ್ ಗೆದ್ದ ತವರಿನ ನಾಯಕನಿಗೆ ಯಾವ ಬದಿ ಮೊದಲು ಬೇಕೆಂದು ವರ್ಷಗಳ ಅನುಭವದಿಂದ ಗೊತ್ತಿರುತ್ತದೆ. ತವರಿನ ಗೋಲ್‌ಕೀಪರ್‌ಗೆ ತನ್ನ ಕಿಕ್‌ಔಟ್ ಎಷ್ಟು ದೂರ ತೇಲಿ ಎಲ್ಲಿ ಬಾಗುತ್ತದೆ ಎಂಬುದು ಗೊತ್ತಿರುತ್ತದೆ. ಕಮಾನಿನ ಆಚೆಯ ಹೊಡೆತಕ್ಕೆ ಎರಡು ಅಂಕ ಬಂದ ಮೇಲೆ ಗಾಳಿಯ ಜೊತೆಗೆ ಆಡುವ ಅರ್ಧದ ಬೆಲೆ ಇನ್ನೂ ಏರಿದೆ, ಆದ್ದರಿಂದ ತವರಿನ ಈ ಒಂದು ಲಾಭ ಹಿಂದಿಗಿಂತ ಹೆಚ್ಚಾಗಿದೆ ಎಂದು ನಾನು ಭಾವಿಸುತ್ತೇನೆ.

ರೆಫರಿಯ ಬಗ್ಗೆ ಕೇಳಿದ್ದೀರಿ. ಕೌಂಟಿ ಪಂದ್ಯಗಳಿಗೆ ಬೇರೆ ಕೌಂಟಿಯವರನ್ನೇ ರೆಫರಿಯಾಗಿ ನೇಮಿಸುತ್ತಾರೆ, ಆದರೆ ಸಾವಿರಾರು ಜನರ ಕೂಗು ಯಾವ ಮನುಷ್ಯನನ್ನೂ ಸ್ವಲ್ಪ ತಟ್ಟದೆ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಯೂರೋಪಿನ ಸಾಕರ್ ಪಂದ್ಯಗಳು ಖಾಲಿ ಮೈದಾನಗಳಲ್ಲಿ ನಡೆದಾಗ ತವರಿನ ಲಾಭ ತಗ್ಗಿದ್ದನ್ನೂ, ಹೊರಗಿನ ತಂಡಕ್ಕೆ ಬೀಳುವ ಹಳದಿ ಕಾರ್ಡುಗಳು ಇಳಿದದ್ದನ್ನೂ ಅನೇಕ ಸಂಶೋಧಕರು ಗುರುತಿಸಿದರು. ಆದರೂ ಅದೇ ಕಾಲದಲ್ಲಿ, 2020ರ ನವೆಂಬರ್‌ನಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದ ಕಾರ್ಕ್ ಮೈದಾನದಲ್ಲಿ ಕಾರ್ಕ್ ತಂಡ ಬಲಾಢ್ಯ ಕೆರಿಯನ್ನು ಹೆಚ್ಚುವರಿ ಸಮಯದ ಕೊನೆಯ ಕ್ಷಣದ ಗೋಲಿನಿಂದ ಹೊರದಬ್ಬಿತು. ಆ ದಿನ ತವರಿನ ನೆಲವಿತ್ತು, ತವರಿನ ಕೂಗು ಇರಲಿಲ್ಲ. ಒಂದು ಪಂದ್ಯದಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂಬುದು ನಿಮಗೂ ಗೊತ್ತು, ಆದರೂ ಆ ಪಂದ್ಯ ನನ್ನ ನೆನಪಿನಿಂದ ಹೋಗುವುದಿಲ್ಲ.

ಪ್ರಶ್ನೆ: ಡಬ್ಲಿನ್ ತಂಡ ತನ್ನ ಊರಿನಲ್ಲೇ ಇರುವ ಕ್ರೋಕ್ ಪಾರ್ಕಿನಲ್ಲಿ ಎಲ್ಲ ದೊಡ್ಡ ಪಂದ್ಯಗಳನ್ನು ಆಡುತ್ತದೆಂದು ಓದಿದೆ. ನಮ್ಮ ಜಾತ್ರೆಯ ಕಬಡ್ಡಿಯಲ್ಲಿ ಹೀಗೆ ಮಾಡಿದರೆ ಹೊರಗಿನ ತಂಡಗಳು ಒಪ್ಪುವುದಿಲ್ಲ. ಅಲ್ಲಿ ಯಾರೂ ಕೇಳುವುದಿಲ್ಲವೇ?
(ಕಬಡ್ಡಿ ಆಟಗಾರರೊಬ್ಬರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಕೇಳಿದ್ದಾರೆ, ಗಟ್ಟಿಯಾಗಿಯೇ ಕೇಳಿದ್ದಾರೆ. 82,300 ಜನ ಹಿಡಿಸುವ ಕ್ರೋಕ್ ಪಾರ್ಕ್ ಇಡೀ ದೇಶದ ಮೈದಾನ, ಸೆಮಿಫೈನಲ್ ಮತ್ತು ಫೈನಲ್‌ಗಳು ಅಲ್ಲಿಯೇ ನಡೆಯುತ್ತವೆ. ಪಾರ್ನೆಲ್ ಪಾರ್ಕ್ ಎಂಬ ಚಿಕ್ಕ ಮೈದಾನ ಇದ್ದರೂ ಡಬ್ಲಿನ್ ಫುಟ್ಬಾಲ್ ತಂಡ ತನ್ನ ಮುಖ್ಯ ಪಂದ್ಯಗಳನ್ನು ಕ್ರೋಕ್ ಪಾರ್ಕಿನಲ್ಲೇ ಆಡುತ್ತ ಬಂದಿದೆ. 2018ರಲ್ಲಿ ಎಂಟು ತಂಡಗಳ ಸುತ್ತಿನಲ್ಲಿ ಪ್ರತಿ ತಂಡಕ್ಕೂ ಒಂದು ಪಂದ್ಯ ಮನೆಯಲ್ಲಿ, ಒಂದು ಹೊರಗೆ, ಒಂದು ಕ್ರೋಕ್ ಪಾರ್ಕಿನಲ್ಲಿ ಎಂದು ನಿಗದಿಯಾದಾಗ, ಡಬ್ಲಿನ್‌ಗೆ ಮಾತ್ರ ಎರಡು ಪಂದ್ಯ ಅಲ್ಲಿಯೇ ಸಿಕ್ಕಿದ್ದನ್ನು ಡೊನೆಗಾಲ್ ಕೌಂಟಿ ಬಹಿರಂಗವಾಗಿ ವಿರೋಧಿಸಿತು. ಆ ವಿರೋಧ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಅದೇ ವರ್ಷದ ಜೂನ್‌ನಲ್ಲಿ ಇನ್ನೂ ದೊಡ್ಡ ಪ್ರಸಂಗ ನಡೆಯಿತು. ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತುವ ಡ್ರಾನಲ್ಲಿ ಕಿಲ್ಡೇರ್ ಹೆಸರು ಮೊದಲು ಬಂದು, ಮೇಯೊ ವಿರುದ್ಧದ ಪಂದ್ಯ ಅವರ ನ್ಯೂಬ್ರಿಜ್ ಪಟ್ಟಣದ ಸೇಂಟ್ ಕಾನ್ಲೆತ್ಸ್ ಪಾರ್ಕಿಗೆ ನ್ಯಾಯವಾಗಿ ಬಿದ್ದಿತ್ತು. ಸುಮಾರು ಎಂಟು ಸಾವಿರ ಜನ ಮಾತ್ರ ಹಿಡಿಸುವ ಮೈದಾನವದು. ಸುರಕ್ಷತೆಯ ಕಾರಣ ಕೊಟ್ಟು ಆಡಳಿತ ಮಂಡಳಿ ಪಂದ್ಯವನ್ನು ಕ್ರೋಕ್ ಪಾರ್ಕಿಗೆ ಬದಲಾಯಿಸಿತು. ಕಿಲ್ಡೇರ್ ಕೌಂಟಿಯೂ ಅದರ ಮ್ಯಾನೇಜರ್ ಕೀಯನ್ ಓ’ನೀಲ್ ಅವರೂ ‘ನ್ಯೂಬ್ರಿಜ್, ಇಲ್ಲವಾದರೆ ಎಲ್ಲಿಯೂ ಇಲ್ಲ’ ಎಂದು ಪಟ್ಟು ಹಿಡಿದರು. ಪಂದ್ಯವನ್ನೇ ಕಳೆದುಕೊಳ್ಳುವ ಅಪಾಯವಿದ್ದರೂ ಹಿಂದೆ ಸರಿಯಲಿಲ್ಲ, ಕೊನೆಗೆ ಮಂಡಳಿಯೇ ಮಣಿಯಿತು. ಜೂನ್ 30ರಂದು ಕಿಕ್ಕಿರಿದ ಆ ಪುಟ್ಟ ಮೈದಾನದಲ್ಲಿ ಕಿಲ್ಡೇರ್ 21–19 ಅಂಕಗಳಿಂದ ಗೆದ್ದಿತು, ಹಿಂದಿನ ವರ್ಷದ ಫೈನಲ್ ಆಡಿದ್ದ ಮೇಯೊ ಹೊರಬಿತ್ತು. ಮೈದಾನ ಬದಲಾಗಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಚಿಕ್ಕ ತಂಡಕ್ಕೆ ಡ್ರಾ ಕೊಟ್ಟ ಹಕ್ಕನ್ನು ಪ್ರೇಕ್ಷಕರ ಸಂಖ್ಯೆ ನೋಡಿ ಕಿತ್ತುಕೊಳ್ಳುವುದು ಅನ್ಯಾಯ, ಮತ್ತು ಅದನ್ನು ಉಳಿಸಿಕೊಂಡ ಕಿಲ್ಡೇರ್ ಜನರ ಮೇಲೆ ನನಗೆ ಅಪಾರ ಗೌರವವಿದೆ.

ಡಬ್ಲಿನ್‌ಗೂ ನ್ಯಾಯ ಸಲ್ಲಬೇಕು. 2015ರಿಂದ 2020ರವರೆಗೆ ಸತತ ಆರು ಬಾರಿ ಚಾಂಪಿಯನ್ ಆದ ಆ ತಂಡ ಯಾವ ಮೈದಾನದಲ್ಲಿಯೂ ಗೆಲ್ಲಬಲ್ಲದಾಗಿತ್ತು. ಬಲ ಕುಂದಿದಾಗ ಕ್ರೋಕ್ ಪಾರ್ಕ್ ಅದನ್ನು ಕಾಪಾಡಲಿಲ್ಲ. 2022ರ ಸೆಮಿಫೈನಲ್‌ನಲ್ಲಿ ಕೆರಿಯ ಶಾನ್ ಓ’ಶೇ, ಡಬ್ಲಿನ್ ಅಭಿಮಾನಿಗಳೇ ತುಂಬಿದ ಹಿಲ್ 16 ಎಂಬ ಪ್ರೇಕ್ಷಕರ ಕಟ್ಟೆಯ ಕಡೆಗೆ, ಎದುರು ಗಾಳಿಯಲ್ಲಿ, 50 ಮೀಟರಿಗೂ ಹೆಚ್ಚು ದೂರದಿಂದ ಒದ್ದ ಫ್ರೀಕಿಕ್ ಒಂದು ಅಂಕದ ಗೆಲುವು ತಂದಿತು. 2025ರಲ್ಲಿ ಲೀನ್‌ಸ್ಟರ್ ಪ್ರಾಂತ್ಯದ ಸೆಮಿಫೈನಲ್ ಪೋರ್ಟ್‌ಲೀಷ್ ಪಟ್ಟಣದಲ್ಲಿ ನಡೆದಾಗ ಮೀತ್ ತಂಡ ಡಬ್ಲಿನ್ ಅನ್ನು ಸೋಲಿಸಿದ್ದು ನಿಜ, ಆದರೆ ಕೆಲವೇ ವಾರಗಳ ನಂತರ ಕ್ರೋಕ್ ಪಾರ್ಕಿನಲ್ಲಿಯೇ ಆರ್ಮಾ ಕೂಡ ಸೋಲಿಸಿತು.

ಪ್ರಶ್ನೆ: ಪಂದ್ಯಕ್ಕೆ ಮುನ್ನ ಫಲಿತಾಂಶ ಊಹಿಸುವಾಗ ತವರಿಗೆ ಎಷ್ಟು ಅಂಕ ಸೇರಿಸಬೇಕು?
(ಓದುಗರೊಬ್ಬರು, ಸಪ್ತಾಪುರ, ಧಾರವಾಡ)

ಉತ್ತರ: ಸಮಬಲದ ತಂಡಗಳಾದರೆ ನಾನು ಎರಡು ಅಂಕ ಸೇರಿಸುತ್ತೇನೆ, ಗಾಳಿಗೆ ಹೆಸರಾದ ಮೈದಾನವಾದರೆ ಮೂರು. ಇದು ಲೆಕ್ಕಶಾಸ್ತ್ರದ ಸೂತ್ರವಲ್ಲ, ಪಂದ್ಯಗಳನ್ನು ನೋಡಿ ಬಂದ ನನ್ನ ಅಂದಾಜು. 2024ರ ಫೈನಲ್‌ನಲ್ಲಿ ಆರ್ಮಾ ತಂಡ ಗಾಲ್ವೇಯನ್ನು ಒಂದೇ ಅಂಕದಿಂದ ಸೋಲಿಸಿತು. ಅಂಥ ಎರಡು ತಂಡಗಳು ಯಾರದಾದರೂ ಊರಿನಲ್ಲಿ ಎದುರಾಗಿದ್ದರೆ ಆ ಎರಡು ಅಂಕಗಳೇ ತೀರ್ಪು ಹೇಳುತ್ತಿದ್ದವು. 2025ರ ಫೈನಲ್‌ನಲ್ಲಿ ಕೆರಿ ಡೊನೆಗಾಲ್ ವಿರುದ್ಧ ಗೆದ್ದದ್ದು ಹತ್ತು ಅಂಕಗಳಿಂದ. ಅದೇ ಪಂದ್ಯ ಡೊನೆಗಾಲ್‌ನ ಬ್ಯಾಲಿಬೋಫೆಯಲ್ಲಿ ನಡೆದಿದ್ದರೂ ಆ ದಿನದ ಕೆರಿಯನ್ನು ತಡೆಯಲಾಗುತ್ತಿರಲಿಲ್ಲ. ಆದ್ದರಿಂದ ಮೊದಲು ಅಂತರವನ್ನು ಅಂದಾಜು ಮಾಡಿ, ಅದು ಮೂರು ಅಂಕಗಳ ಒಳಗಿದ್ದರೆ ಮಾತ್ರ ತವರನ್ನು ಲೆಕ್ಕಕ್ಕೆ ತನ್ನಿ, ಮತ್ತು ಸಾಧ್ಯವಾದರೆ ಪಂದ್ಯದ ದಿನ ಬೆಳಿಗ್ಗೆ ಆ ಊರಿನ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಹವಾಮಾನ ವರದಿಯಲ್ಲಿ ನೋಡಿಕೊಂಡು ನಿಮ್ಮ ಊಹೆಯನ್ನು ಬರೆದಿಡಿ.