ಹಿಂದಿನ ಶಾಕ್ ಸೋರಿದರೆ ಒಂದು ಸಾಕೇ, ಎರಡು ಬೇಕೇ?

ಪ್ರಶ್ನೆ: ಶಹಾಬಾದದಿಂದ ಕಲಬುರಗಿಗೆ ಪಿಕಪ್‌ನಲ್ಲಿ ಫರಸಿ (ನೆಲಕ್ಕೆ ಹಾಸುವ ಕಲ್ಲು) ಸಾಗಿಸುತ್ತೇವೆ. ಎಡಗಡೆ ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆ, ಖಾಲಿ ಗಾಡಿ ಕುಣಿಯುತ್ತದೆ. ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿದ್ದೇವೆ. ಸೋರುವ ಒಂದನ್ನೇ ಬದಲಿಸಬಹುದೇ? ಗಟ್ಟಿ ಶಾಕ್ ಹಾಕಿದರೆ ಭಾರ ತಡೆಯುತ್ತದೆಯೇ?

ಉತ್ತರ: ಎರಡನ್ನೂ ಬದಲಿಸಿ. ಒಂದು ಹೊಸದು, ಒಂದು ಸವೆದದ್ದು ಇದ್ದರೆ ಎಡ, ಬಲ ಎರಡೂ ಕಡೆ ಕುಣಿತ ಒಂದೇ ಸಮನಾಗಿ ನಿಲ್ಲುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್; ಶಾಕಿನ ಕೆಲಸ ಅದರ ಕುಣಿತ ನಿಲ್ಲಿಸುವುದು ಅಷ್ಟೆ. ಗಟ್ಟಿ ಶಾಕ್ ಹಾಕಿ ಇನ್ನಷ್ಟು ಕಲ್ಲು ಏರಿಸುವ ಲೆಕ್ಕ ಬಿಡಿ.

ನಿಮ್ಮ ಗಾಡಿಯಲ್ಲಿ ಮುಖ್ಯ ವಿಷಯ ಶಾಕಿನ ಉದ್ದ. ಪಟ್ಟಿ ಸೇರಿಸಿದ್ದರಿಂದ ಖಾಲಿ ಇದ್ದಾಗ ಹಿಂಭಾಗ ಎತ್ತರವಾಗಿ ಶಾಕ್ ಬಹುತೇಕ ಪೂರ್ತಿ ಎಳೆದುಕೊಂಡಿರುತ್ತದೆ. ಗುಂಡಿಯಲ್ಲಿ ಚಕ್ರ ಇಳಿದರೆ 'ಠಕ್' ಎಂದು ಕೊನೆ ಮುಟ್ಟಿ, ಎಣ್ಣೆ ತಡೆಯುವ ಸೀಲ್, ಕೊನೆಗೆ ಬೋಲ್ಟ್ ಕೂರುವ ತುದಿಯ ಬಳೆ, ಅಂದರೆ ಕಣ್ಣೂ ಕಿತ್ತುಹೋಗುತ್ತದೆ. ಖಾಲಿ ಗಾಡಿ ಸಮ ನೆಲದಲ್ಲಿರುವಾಗ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಟೇಪು ಹಿಡಿಯಿರಿ. ಹೊಸ ಶಾಕ್ ಪೂರ್ತಿ ಚಾಚಿದಾಗ ಅದಕ್ಕಿಂತ ಸಾಕಷ್ಟು ಉದ್ದವಿರಬೇಕು. ಪೂರ್ತಿ ಒತ್ತಿದಾಗ, ಆಕ್ಸಲ್ ರಬ್ಬರ್ ಸ್ಟಾಪಿಗೆ ತಾಗಿದಾಗಿನ ಅಳತೆಗಿಂತ ಗಿಡ್ಡವಿರಬೇಕು.

ಕೆಟ್ಟ ರಸ್ತೆಯಲ್ಲಿ ಬರೀ ಎಣ್ಣೆಯ ಶಾಕ್ ಆದರೆ ಎಣ್ಣೆ ಕಾದು ನೊರೆಯಾಗಿ ಹಿಡಿತ ಬಿಡುತ್ತದೆ. ಗ್ಯಾಸ್ ತುಂಬಿದ್ದು ತುಸು ದುಬಾರಿ, ನಿಮ್ಮ ಕೆಲಸಕ್ಕೆ ಅದೇ ಸರಿ. ಎಣ್ಣೆಯದೇ ತಂದರೆ ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಎಳೆದು ಒತ್ತಿ, ಒಳಗಿನ ಗಾಳಿ ಹೋಗಲಿ. ಕಣ್ಣಿನೊಳಗಿನ ರಬ್ಬರ್ ಬುಷ್ ಹೊಸದೇ ಹಾಕಿಸಿ. ಗಾಡಿ ಜಾಕಿನ ಮೇಲಿರುವಾಗ ಬೋಲ್ಟನ್ನು ಬಿಗಿಯಬೇಡಿ. ಗಾಡಿ ನೆಲಕ್ಕಿಳಿದ ಮೇಲೆ ಬಿಗಿಯದಿದ್ದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.