ಕೈಯಲ್ಲಿ ಕೊಟ್ಟರೆ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ

ಪ್ರಶ್ನೆ: ನಮ್ಮ ಅಡಿಕೆ ಅಂಗಡಿಯ ಲೆಕ್ಕದ ಫೈಲುಗಳನ್ನು ರಾತ್ರಿ ಅಮೆಜಾನ್‌ನ ಆನ್‌ಲೈನ್ ಸಂಗ್ರಹ ಎಸ್‌3ಗೆ ಕಳಿಸುವ ಸ್ಕ್ರಿಪ್ಟ್ ಇದೆ. ನಾನೇ ಓಡಿಸಿದರೆ ಸರಿ. ಸುಡೋ (ನಿರ್ವಾಹಕ ಅಧಿಕಾರ) ಕೊಟ್ಟು ಕ್ರಾನ್‌ಟ್ಯಾಬ್‌ಗೆ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸಗಳ ಪಟ್ಟಿ) ಹಾಕಿದರೆ ‘ಅನೇಬಲ್ ಟು ಲೊಕೇಟ್ ಕ್ರೆಡೆನ್ಷಿಯಲ್ಸ್’ (ಗುರುತಿನ ಕೀ ಸಿಗುತ್ತಿಲ್ಲ) ಎನ್ನುತ್ತದೆ. ಏಕೆ?
— ಓದುಗರು, ಬದಿಯಡ್ಕ

ಉತ್ತರ: ಸುಡೋ ಕೊಟ್ಟು ತೆರೆದದ್ದು ರೂಟ್, ಅಂದರೆ ನಿರ್ವಾಹಕ ಬಳಕೆದಾರನ ಕ್ರಾನ್‌ಟ್ಯಾಬ್. ಕೀ ಇರುವ ‘ಕ್ರೆಡೆನ್ಷಿಯಲ್ಸ್’ ಫೈಲನ್ನು ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಉಪಕರಣ ಹುಡುಕುವುದು, ಓಡಿಸುವವರ ಹೋಮ್ ಫೋಲ್ಡರಿನ ‘.ಎಡಬ್ಲ್ಯುಎಸ್’ ಒಳಗೆ. ನಿಮ್ಮ ಫೈಲು ನಿಮ್ಮ ಹೋಮ್‌ನಲ್ಲಿದೆ. ಉಪಕರಣ ರೂಟ್‌ನ ಹೋಮ್‌ನಲ್ಲಿ ಹುಡುಕಿ ಬರಿಗೈಯಲ್ಲಿ ಬಂತು. ಆ ಸಾಲನ್ನು ಸುಡೋ ಇಲ್ಲದೆ ನಿಮ್ಮದೇ ಕ್ರಾನ್‌ಟ್ಯಾಬ್‌ಗೆ ಹಾಕಿ. ಬ್ಯಾಕಪ್‌ಗೆ ರೂಟ್ ಅಧಿಕಾರ ಬೇಕಾಗಿಯೇ ಇಲ್ಲ. ಕೀ ಫೈಲಿನ ಅನುಮತಿ 600 (ಓದುವುದು, ಬರೆಯುವುದು ನೀವು ಮಾತ್ರ) ಇರಲಿ.

ಟರ್ಮಿನಲ್ ತೆರೆದಾಗ ಓದಲ್ಪಡುವ ‘.ಬ್ಯಾಷ್‌ಆರ್‌ಸಿ’ ಫೈಲಿನಲ್ಲಿ ಕೀಯನ್ನು ಎಕ್ಸ್‌ಪೋರ್ಟ್ ಮಾಡಿದ್ದರೆ ಇಷ್ಟು ಸಾಲದು, ಕ್ರಾನ್ ಅದನ್ನು ಓದುವುದೇ ಇಲ್ಲ. ಕೀಯನ್ನು ಫೈಲಿಗೇ ಸೇರಿಸಿ.

ಊಹಿಸುತ್ತ ಕೂರಬೇಡಿ. ಸ್ಕ್ರಿಪ್ಟಿನ ಮೊದಲಲ್ಲಿ ‘ಎಡಬ್ಲ್ಯುಎಸ್ ಕಾನ್ಫಿಗರ್ ಲಿಸ್ಟ್’ ಆಜ್ಞೆ ಹಾಕಿ, ಉತ್ತರವನ್ನು ಒಂದು ಲಾಗ್ ಫೈಲಿಗೆ ಬರೆಸಿ. ಕೀ ಎಲ್ಲಿಂದ ಬಂತೆಂದು ‘ಟೈಪ್’ ಕಾಲಂ ಹೇಳುತ್ತದೆ: ‘ಎನ್ವ್’ ಎಂದರೆ ಪರಿಸರ ಚರಾಂಶದಿಂದ (ಎಕ್ಸ್‌ಪೋರ್ಟ್ ಮಾಡಿಟ್ಟ ಮೌಲ್ಯ), ‘ಶೇರ್ಡ್ ಕ್ರೆಡೆನ್ಷಿಯಲ್ಸ್ ಫೈಲ್’ ಎಂದರೆ ಫೈಲಿನಿಂದ. ಕೀಯ ಕೊನೆಯ 4 ಅಕ್ಷರ ಮಾತ್ರ ಕಾಣುವುದರಿಂದ ಲಾಗ್‌ನಲ್ಲಿದ್ದರೂ ಭಯವಿಲ್ಲ.

ಪ್ರಶ್ನೆ: ಫೈಲಿನಲ್ಲಿ ಹೊಸ ಕೀ ಬರೆದೆ. ಆದರೂ ‘ಎಕ್ಸ್‌ಪೈರ್ಡ್ ಟೋಕನ್’ ಬರುತ್ತಿದೆ.
— ಓದುಗರು, ಉಪ್ಪಳ

ಉತ್ತರ: ಆ ಟರ್ಮಿನಲ್‌ನಲ್ಲಿ ಹಿಂದೆ ಎಕ್ಸ್‌ಪೋರ್ಟ್ ಮಾಡಿದ ತಾತ್ಕಾಲಿಕ ಕೀ ಇನ್ನೂ ಉಳಿದಿದೆ. ಉಪಕರಣ ಮೊದಲು ಪರಿಸರ ಚರಾಂಶ ನೋಡುತ್ತದೆ, ಆಮೇಲೆ ಫೈಲು, ಕೊನೆಗೆ ಇಸಿ2 (ಅಮೆಜಾನ್‌ನ ಬಾಡಿಗೆ ಸರ್ವರ್) ಯಂತ್ರವಾದರೆ ಅದಕ್ಕೆ ಕೊಟ್ಟ ರೋಲ್ (ಅನುಮತಿಗಳ ಗುರುತು). ಮೊದಲು ಸಿಕ್ಕಿದ್ದನ್ನೇ ಹಿಡಿದುಕೊಳ್ಳುತ್ತದೆ. ಅದರ ಅವಧಿ ಮುಗಿದಿದ್ದರೂ ಮುಂದಿನದಕ್ಕೆ ಹೋಗುವುದಿಲ್ಲ. ‘ಎಡಬ್ಲ್ಯುಎಸ್_ಪ್ರೊಫೈಲ್’ ಚರಾಂಶ (ಫೈಲಿನ ಯಾವ ಕೀ ಜೋಡಿ ಬೇಕೆಂದು ಹೇಳುವ ಹೆಸರು) ಬದಲಿಸಿದರೂ ಪ್ರಯೋಜನವಿಲ್ಲ, ಎಕ್ಸ್‌ಪೋರ್ಟ್ ಆದ ಕೀಯೇ ಗೆಲ್ಲುತ್ತದೆ. ಆಜ್ಞೆಯಲ್ಲೇ ‘--ಪ್ರೊಫೈಲ್’ ಕೊಟ್ಟರೆ ಮಾತ್ರ ಫೈಲಿನದು ಬರುತ್ತದೆ.

ಆಕ್ಸೆಸ್ ಕೀ, ಸೀಕ್ರೆಟ್ ಕೀ, ಸೆಷನ್ ಟೋಕನ್: ಮೂರನ್ನೂ ‘ಅನ್‌ಸೆಟ್’ ಮಾಡಿ. ಅನೇಕರು ಮೊದಲ ಎರಡರ ಜಾಗಕ್ಕೆ ಹೊಸ ಕೀ ಎಕ್ಸ್‌ಪೋರ್ಟ್ ಮಾಡಿ ಟೋಕನ್ ಮರೆಯುತ್ತಾರೆ. ಹೊಸ ಕೀ ಜೊತೆ ಹಳೆಯ ಟೋಕನ್ ಹೋಗಿ ‘ಇನ್‌ವ್ಯಾಲಿಡ್ ಕ್ಲೈಂಟ್ ಟೋಕನ್ ಐಡಿ’ ಎಂಬ ಬೇರೆಯೇ ದೋಷ ಎದುರಾಗುತ್ತದೆ. ಬಳಿಕ ‘ಎಡಬ್ಲ್ಯುಎಸ್ ಎಸ್‌ಟಿಎಸ್ ಗೆಟ್ ಕಾಲರ್ ಐಡೆಂಟಿಟಿ’ ಆಜ್ಞೆ ಕೊಟ್ಟು, ಬಂದ 12 ಅಂಕಿಯ ಖಾತೆ ಸಂಖ್ಯೆ ನಿಮ್ಮದೇ ಹೌದೇ ನೋಡಿ.