ಜಾರಿ ಬಿದ್ದಷ್ಟಕ್ಕೇ ಮೂಳೆ ಮುರಿದರೆ

ಪ್ರಶ್ನೆ: ನನಗೆ 58 ವರ್ಷ. ಅಂಗಳದಲ್ಲಿ ಜಾರಿ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿಯಿತು. ಮೂಳೆ ಸವೆದಿದೆ ಎನ್ನುತ್ತಾರೆ. ನಿತ್ಯ ಜೋಳದ ರೊಟ್ಟಿ ಉಣ್ಣುವ, ಇಷ್ಟು ಬಿಸಿಲಿರುವ ಊರಿನವಳಿಗೆ ಇದೇಕೆ ಬಂತು?
– ಓದುಗರು, ಸಿಂಧನೂರು

ಉತ್ತರ: ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಅದನ್ನು ಬರೀ ಅಪಘಾತವೆಂದು ಬಿಡಬಾರದು. ಹಳೆಯ ಮೂಳೆ ಕರಗಿ ಹೊಸದು ಕಟ್ಟಿಕೊಳ್ಳುವ ಕೆಲಸ ಜೀವನವಿಡೀ ನಡೆಯುತ್ತದೆ. ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಕರಗುವ ವೇಗ ಕಟ್ಟುವ ವೇಗವನ್ನು ಮೀರುವುದರಿಂದ, ನೋವಿನ ಸೂಚನೆಯೇ ಇಲ್ಲದೆ ಮೂಳೆ ದುರ್ಬಲವಾಗುತ್ತ ಹೋಗುತ್ತದೆ.

ಜೋಳ ಒಳ್ಳೆಯ ಧಾನ್ಯವೇ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 25 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚಿದೆ. ಆದ್ದರಿಂದ ರೊಟ್ಟಿಯ ಜೊತೆಗೆ ಮೊಸರು, ಎಳ್ಳಿನ ಚಟ್ನಿಪುಡಿ, ರಾಜಗಿರಿ ಸೊಪ್ಪು ಇರಲಿ, ವಾರದಲ್ಲಿ ಕೆಲವು ದಿನವಾದರೂ ರಾಗಿ ಬಳಸಿರಿ. ಬಿಸಿಲು ಊರಿಗಿದ್ದರೆ ಸಾಲದು, ಚರ್ಮಕ್ಕೆ ತಾಗಬೇಕು. ಸದಾ ಒಳಗಿರುವವರಲ್ಲಿ, ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ವಿಟಮಿನ್ ಡಿ ಕೊರತೆ ಸಾಮಾನ್ಯ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಯೊಂದಿಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಇಲ್ಲೊಂದು ಮಾತು: ರಾಯಚೂರು, ಕೊಪ್ಪಳ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದು ಮೂಳೆಯಲ್ಲಿ ಸೇರಿಕೊಂಡರೆ ಸ್ಕ್ಯಾನ್‌ನಲ್ಲಿ ಸಾಂದ್ರತೆ ಚೆನ್ನಾಗಿ ಕಂಡರೂ ಮೂಳೆ ಪೆಡಸಾಗಿರಬಹುದು. ಕುಡಿಯುವ ನೀರು ಯಾವುದು, ಮೂಳೆಯನ್ನು ದುರ್ಬಲಗೊಳಿಸುವ ಸ್ಟೀರಾಯ್ಡ್ ಮಾತ್ರೆಯನ್ನು ದೀರ್ಘಕಾಲ ಸೇವಿಸಿದ್ದೀರಾ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಒಮ್ಮೆ ಮುರಿದ ಮೇಲೆ ಆಹಾರವೊಂದೇ ಸಾಲದೆ ಔಷಧ ಬೇಕಾಗುವುದೇ ಹೆಚ್ಚು. ಅದನ್ನು ಅವರೇ ನಿರ್ಧರಿಸಲಿ.